ಬೆರಳೆತ್ತಿದವರು

ತಣಿಸಂದ್ರದಲ್ಲಿ ನಮ್ಮ ಮನೆಯ ಪಕ್ಕಕ್ಕೆ ಒತ್ತೊತ್ತಿಗೆ ಎರಡು ಖಾಲಿ ಸೈಟುಗಳಿವೆ. ಒಡೆಯರು ಯಾರೋ, ಯಾವ ಊರಲ್ಲಿದ್ದಾರೋ ಬೀದಿಯಲ್ಲಿ ಯಾರಿಗೂ ತಿಳಿಯದು. ಮಳೆಗಾಲದಲ್ಲಿ ಅಲ್ಲಿ ಪಾರ್ಥೇನಿಯಂ ಎದೆಯೆತ್ತರ ಬೆಳೆಯುತ್ತದೆ. ಬೇಸಿಗೆ ಬಂತೆಂದರೆ ಮಕ್ಕಳು ಅದನ್ನು ತುಳಿದೂ ತುಳಿದೂ ಅಂಗಳ ಮಾಡಿಬಿಡುತ್ತಾರೆ. ಯಾರೋ ಮನೆ ಕಟ್ಟಿ ಉಳಿಸಿದ ಸಿಮೆಂಟ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟರೆ ವಿಕೆಟ್ಟು. ಚೆಂಡು ನಮ್ಮ ಕಾಂಪೌಂಡು ಗೋಡೆಗೆ ಉರುಳಿಕೊಂಡು ಹೋಗಿ ಬಡಿದರೆ ನಾಲ್ಕು ರನ್ನು, ಹಾರಿ ಒಳಗೆ ಬಿದ್ದರೆ ಔಟು. ಈ ಎರಡನೆಯ ನಿಯಮ ಮಾಡಿದವಳು ನಾನೇ. ನನ್ನ ದಾಸವಾಳದ ಕುಂಡ ಎರಡು ಒಡೆದ ಮೇಲೆ ಹುಟ್ಟಿದ ಕಾನೂನು ಅದು.

ಊರಿನ ಹೆಸರಿನ ಕೊನೆಯಲ್ಲಿರುವ 'ಸಂದ್ರ' ಎಂದರೆ ಸಮುದ್ರ, ಅಂದರೆ ಕೆರೆ. ಬೊಮ್ಮಸಂದ್ರ, ಸಿಂಗಸಂದ್ರ ಇದ್ದ ಹಾಗೆ. ಪಕ್ಕದಲ್ಲಿ ರಾಚೇನಹಳ್ಳಿಯ ಕೆರೆಯೇನೋ ಇನ್ನೂ ಇದೆ. ಆದರೆ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಮೂರು ನಾಲ್ಕು ಅಂತಸ್ತಿನ ಮನೆಗಳಾಗಿ, ನಾಗವಾರದಿಂದ ಹೆಗಡೆ ನಗರದವರೆಗೂ ರಸ್ತೆಯಲ್ಲಿ ವಾಹನಗಳ ಸಾಲು ನಿಂತಿರುವಾಗ, ಈ ಎರಡು ತುಂಡು ನೆಲವೇ ನಮ್ಮ ಮಕ್ಕಳ ಪಾಲಿಗೆ ಚಿನ್ನಸ್ವಾಮಿ ಕ್ರೀಡಾಂಗಣ. ಆದ್ದರಿಂದ ಅಲ್ಲಿನ ಜಗಳಗಳೂ ಕ್ರೀಡಾಂಗಣದ ಮಟ್ಟದವೇ. ಔಟ್, ಔಟಲ್ಲ ಎಂಬ ಕೂಗು ನಮ್ಮ ಅಡಿಗೆಮನೆಯ ಕಿಟಕಿಯೊಳಗೆ ದಿನವೂ ಬೀಳುತ್ತಿತ್ತು.

ಎರಡು ವರ್ಷದ ಹಿಂದಿನ ಒಂದು ಭಾನುವಾರ. ನಾನು ಹುಣಿಸೆಹಣ್ಣು ಬಿಡಿಸುತ್ತ ಜಗುಲಿಯ ಮೇಲೆ ಕೂತಿದ್ದೆ. ನಾಲ್ಕೈದು ಹುಡುಗರು ಗೇಟಿನ ಹತ್ತಿರ ಬಂದು ನಿಂತರು. ಚೆಂಡು ಕೇಳಲು ಬಂದರೆಂದು ನಾನು ಮುಖ ಗಂಟು ಹಾಕಿಕೊಂಡೆ.

"ಆಂಟಿ, ನೀವು ಅಂಪೈರ್ ಆಗ್ತೀರಾ?"

"ನಾನಾ? ನನಗೇನು ಗೊತ್ತಪ್ಪಾ ಅದರಲ್ಲಿ?"

"ಗೊತ್ತಿಲ್ಲದಿದ್ರೂ ಪರವಾಗಿಲ್ಲ ಆಂಟಿ. ನಿಮ್ಮ ಮನೆಯಿಂದ ಯಾರೂ ಆಡಲ್ಲವಲ್ಲ!"

ನನ್ನ ಅರ್ಹತೆ ಅದೊಂದೇ. ನನ್ನ ಮಗ ಕೆಲಸದ ಮೇಲೆ ಪುಣೆಯಲ್ಲಿದ್ದಾನೆ. ಉಳಿದ ತಾಯಂದಿರೆಲ್ಲ ಒಂದಲ್ಲ ಒಂದು ತಂಡಕ್ಕೆ ಸೇರಿದವರು. ಹೊಗಳಿಕೆಯಲ್ಲದಿದ್ದರೂ ಮಾತು ಹಿತವಾಗಿತ್ತು. ಸೆರಗು ಸಿಕ್ಕಿಸಿಕೊಂಡು ಹೋಗಿ ನಿಂತೆ.

ಮೊದಲ ಅರ್ಧ ಗಂಟೆ ಸುಖವಾಗಿಯೇ ಕಳೆಯಿತು. ಎಲ್ಲರಿಗೂ ಕಾಣುವಂತೆ ಇಟ್ಟಿಗೆ ಉರುಳಿದರೆ ಔಟ್ ಕೊಡಲು ಯಾವ ವಿದ್ಯೆಯೂ ಬೇಡ. ಆಮೇಲೆ ಬ್ಯಾಟು ಹಿಡಿದು ಬಂದವಳು ಆ ಗುಂಪಿನಲ್ಲಿದ್ದ ಒಬ್ಬಳೇ ಹುಡುಗಿ, ಏಳನೇ ಕ್ಲಾಸಿನವಳು. ಅವಳಿಗೆ ಬ್ಯಾಟಿಂಗ್ ಸಿಗುವುದೇ ಕಡೆಯಲ್ಲಿ, ಅದೂ ಹೊತ್ತು ಉಳಿದರೆ. ಎರಡನೆಯ ಎಸೆತಕ್ಕೆ ಅವಳು ಬ್ಯಾಟು ಬೀಸಿದಳು. 'ಟಕ್' ಎಂದು ಶಬ್ದವಾಯಿತು, ಚೆಂಡು ಹಿಂದಿದ್ದ ಹುಡುಗನ ಕೈ ಸೇರಿತು, ಏಳು ಜನ ಒಟ್ಟಿಗೆ ಆಕಾಶ ಹರಿದುಹೋಗುವಂತೆ ಕೂಗಿದರು. ನನ್ನ ಬೆರಳು ಮೇಲೆದ್ದಿತ್ತು. ನಾನು ಎತ್ತಿದೆ ಎನ್ನುವುದಕ್ಕಿಂತ ಆ ಕೂಗಿಗೆ ಅದು ತಾನಾಗಿ ಎದ್ದಿತು ಎಂದರೆ ಹೆಚ್ಚು ಸರಿ.

ಹುಡುಗಿ ನನ್ನನ್ನೊಮ್ಮೆ ನೋಡಿದಳು. ಒಂದು ಮಾತೂ ಆಡಲಿಲ್ಲ. ಬ್ಯಾಟನ್ನು ಇಟ್ಟಿಗೆಗಳಿಗೆ ಒರಗಿಸಿಟ್ಟು ಮನೆಗೆ ಹೋಗಿಬಿಟ್ಟಳು. ಅವಳು ನಿಂತಿದ್ದ ಜಾಗಕ್ಕೆ ಹೋಗಿ ನೋಡಿದೆ. ನೆಲದಿಂದ ಒಂದು ಕಲ್ಲು ಮೂಗು ಎತ್ತಿಕೊಂಡಿತ್ತು. ಅದರ ತುದಿಯಲ್ಲಿ ಬ್ಯಾಟಿನ ಮರದ ಹೊಸ ಗುರುತು. 'ಟಕ್' ಎಂದದ್ದು ಚೆಂಡಲ್ಲ, ಕಲ್ಲು. ಬೌಲ್ ಮಾಡಿದ್ದ ದೊಡ್ಡ ಹುಡುಗ ಪಕ್ಕಕ್ಕೆ ಬಂದು ಅದನ್ನು ನೋಡಿದ, ನನ್ನ ಮುಖವನ್ನೂ ನೋಡಿದ. "ಪರವಾಗಿಲ್ಲ ಆಂಟಿ, ನೀವು ಕೊಟ್ಟಾಯ್ತಲ್ಲ" ಎಂದು ಮುಂದಿನ ಆಟಗಾರನನ್ನು ಕರೆದ.

ಆ ಹುಡುಗಿ ಮುಂದಿನ ಭಾನುವಾರ ಆಟಕ್ಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಈ ಸಂಗತಿಯನ್ನು ಅಂದು ರಾತ್ರಿ ಊಟದ ಹೊತ್ತಿನಲ್ಲಿ ನಮ್ಮವರಿಗೆ ಹೇಳಿದೆ. ಅವರು ಗುಂಡಪ್ಪ ವಿಶ್ವನಾಥರ ಕಾಲದವರು. ಅಂದರೆ ಯಾವ ವಿಷಯ ಎತ್ತಿದರೂ ಕೊನೆಗೆ ವಿಶ್ವನಾಥರ ಸ್ಕ್ವೇರ್ ಕಟ್ಟಿಗೆ ಬಂದು ಮುಟ್ಟುವವರು. "ಬೌಲ್ ಮಾಡಿದ ಹುಡುಗ ಕರೆಯಬೇಕಿತ್ತು ಅವಳನ್ನ. ವಿಶಿ ಕರೆದಿದ್ದರು, ಗೊತ್ತಾ?" ಎಂದು ಶುರು ಮಾಡಿದರು. ಸಾರು ಆರಿಹೋಯಿತು.

ಕತೆ ನಿಮಗೂ ತಿಳಿದಿರಬಹುದು. 1980ರ ಫೆಬ್ರವರಿ. ಭಾರತದ ಕ್ರಿಕೆಟ್ ಮಂಡಳಿ ತನ್ನ ಸುವರ್ಣ ಮಹೋತ್ಸವಕ್ಕೆಂದು ಇಂಗ್ಲೆಂಡನ್ನು ಕರೆಸಿ, ಆಗಿನ್ನೂ ಬೊಂಬಾಯಿ ಎಂದು ಕರೆಯುತ್ತಿದ್ದ ಊರಿನ ವಾಂಖೆಡೆ ಕ್ರೀಡಾಂಗಣದಲ್ಲಿ ಒಂದೇ ಒಂದು ಟೆಸ್ಟ್ ಪಂದ್ಯ ಆಡಿಸಿತು. ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥರು ನಾಯಕರು. ಪಂದ್ಯ ಶುರುವಾದದ್ದು 15ರಂದು. ಮರುದಿನ, 16ರಂದು, ಸೂರ್ಯಗ್ರಹಣವೆಂದು ಆಟಕ್ಕೆ ಬಿಡುವು ಕೊಟ್ಟರು. ಆ ಗ್ರಹಣ ನನಗೆ ಚೆನ್ನಾಗಿ ನೆನಪಿದೆ. ಕರ್ನಾಟಕದ ಮೇಲೆಯೇ ಹಾದುಹೋದ, ರಾಯಚೂರಿನ ಕಡೆ ಖಗ್ರಾಸವಾಗಿ ಕಂಡ ಗ್ರಹಣ ಅದು. ನಮ್ಮಜ್ಜಿ ನೀರಿನ ಹಂಡೆಯಿಂದ ಉಪ್ಪಿನಕಾಯಿಯ ಭರಣಿಯವರೆಗೂ ದರ್ಭೆ ಹಾಕಿ, ನಮ್ಮನ್ನೆಲ್ಲ ನಡುಮನೆಯಲ್ಲಿ ಕೂಡಿಹಾಕಿದ್ದರು. ಅದೇ ಹೊತ್ತಿಗೆ ಹನ್ನೊಂದು ಹನ್ನೊಂದು ಇಪ್ಪತ್ತೆರಡು ಜನ ಕ್ರಿಕೆಟ್ಟಿಗರೂ ಹೀಗೆಯೇ ಬಾಗಿಲು ಹಾಕಿಕೊಂಡು ಕೂತಿದ್ದರೆಂದು ನನಗೆ ಆಗ ತಿಳಿದಿದ್ದರೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಭಾರತದ ಮೊದಲ ಸರದಿ 242ಕ್ಕೆ ಮುಗಿದಿತ್ತು. ಇಂಗ್ಲೆಂಡಿನ ಸ್ಥಿತಿ ಇನ್ನೂ ಕೆಟ್ಟದಾಗಿತ್ತು: 58 ರನ್ನಿಗೆ ಐದು ವಿಕೆಟ್. ಆಗ ಇಯಾನ್ ಬಾಥಮ್ ಜತೆಗೆ ವಿಕೆಟ್ ಕೀಪರ್ ಬಾಬ್ ಟೇಲರ್ ಕೂಡಿಕೊಂಡರು. ಕಪಿಲ್ ದೇವ್ ಎಸೆದ ಒಂದು ಚೆಂಡು ಟೇಲರ್ ಬ್ಯಾಟಿನ ಪಕ್ಕದಲ್ಲಿ ಹಾದು ಕೀಪರ್ ಕೈಗೆ ಹೋಯಿತು. ಕೂಗು ಎದ್ದಿತು. ಅಂಪೈರ್ ಔಟ್ ಕೊಟ್ಟರು. ಟೇಲರ್ ನಂಬಲಾರದೆ ನಿಂತರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಬ್ಯಾಟು ಚೆಂಡಿಗೆ ತಾಗಿಲ್ಲವೆಂದು ಖಚಿತವಿತ್ತು. ಅವರು ಅಂಪೈರಿನ ಬಳಿಗೆ ಹೋಗಿ ಮಾತನಾಡಿ, ಟೇಲರ್ ಆಟ ಮುಂದುವರಿಸುವಂತೆ ಮಾಡಿದರು. ಬಾಥಮ್ ಮತ್ತು ಟೇಲರ್ ಸೇರಿ 171 ರನ್ ಕೂಡಿಸಿದರು. ಇಂಗ್ಲೆಂಡ್ ಹತ್ತು ವಿಕೆಟ್‌ಗಳಿಂದ ಗೆದ್ದಿತು.

ವಿಶ್ವನಾಥರ ಒಳ್ಳೆಯತನದಿಂದ ಪಂದ್ಯ ಹೋಯಿತೆಂದು ಗೊಣಗುವವರು ಈಗಲೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಾಥಮ್ ಒಬ್ಬರೇ 114 ರನ್ ಹೊಡೆದು, ಎರಡು ಸರದಿಯಲ್ಲಿ ಹದಿಮೂರು ವಿಕೆಟ್ ಕಿತ್ತ ಪಂದ್ಯ ಅದು. ಟೆಸ್ಟ್ ಪಂದ್ಯದಲ್ಲಿ ಶತಕದ ಜತೆಗೆ ಹತ್ತು ವಿಕೆಟ್ ಗಳಿಸಿದವರಲ್ಲಿ ಅವರೇ ಮೊದಲಿಗರೆಂದು ನಮ್ಮವರು ಹೇಳಿದರು. ಆಮೇಲೆ ಓದಿದಾಗ ತಿಳಿಯಿತು, ಅದು ಗಂಡಸರ ಲೆಕ್ಕ. ಆಸ್ಟ್ರೇಲಿಯಾದ ಬೆಟ್ಟಿ ವಿಲ್ಸನ್ ಎಂಬ ಮಹಾತಾಯಿ 1958ರಲ್ಲೇ ಇಂಗ್ಲೆಂಡಿನ ಹೆಂಗಸರ ಎದುರು ಅದನ್ನು ಮಾಡಿ ಮುಗಿಸಿದ್ದರು. ಇದನ್ನು ನಮ್ಮವರಿಗೆ ಓದಿ ಹೇಳಿದೆ. "ಹೌದಾ?" ಎಂದು ಪೇಪರು ಮಗುಚಿದರು.

ಅಂದು ರಾತ್ರಿ ನನಗೆ ಹುಟ್ಟಿದ ಪ್ರಶ್ನೆ ಬೇರೆ.

"ಅಂಪೈರ್ ಯಾರು?"

"ಯಾವ ಅಂಪೈರು?"

"ಬೆರಳೆತ್ತಿದವರು."

"ಯಾರೋ ಒಬ್ಬರು. ಅದೇನು ಮುಖ್ಯ?"

ಅವರು ಆಕಾಶವಾಣಿಗೆ ಕಿವಿಗೊಟ್ಟು ಆ ಪಂದ್ಯದ ವೀಕ್ಷಕ ವಿವರಣೆ ಕೇಳಿದವರು. ಬೆಂಗಳೂರು ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ. ಯಾರು ಎಷ್ಟು ಹೊತ್ತು ಆಡಿದರು, ಯಾರ ಕ್ಯಾಚು ಯಾರು ಹಿಡಿದರು, ಎಲ್ಲ ಬಾಯಿಪಾಠ. ಅಂಪೈರಿನ ಹೆಸರು ಮಾತ್ರ ಇಲ್ಲ. ಅಂದು ಹಗಲು ಅದೇ ಕೆಲಸ ಮಾಡಿ ಬಂದಿದ್ದ ನನಗೆ ಇದು ಚುಚ್ಚಿತು. ಹುಡುಕಿ ನೋಡಿದೆ. ಆ ಪಂದ್ಯಕ್ಕೆ ನಿಂತವರು ಜೆ. ಡಿ. ಘೋಷ್ ಮತ್ತು ಎಸ್. ಎನ್. ಹನುಮಂತರಾವ್. ಟೇಲರ್‌ಗೆ ಔಟ್ ಕೊಟ್ಟವರು ಹನುಮಂತರಾವ್. ಅವರು ನಮ್ಮ ಕರ್ನಾಟಕದವರು!

ಎಂದರೆ ಅಂದು ವಾಂಖೆಡೆಯ ನಡುಮಧ್ಯೆ ನಿಂತು ಮಾತಾಡಿಕೊಂಡವರು ನಮ್ಮವರೇ ಇಬ್ಬರು. ಒಬ್ಬರ ಹೆಸರು ಕ್ರಿಕೆಟ್ ಗೊತ್ತಿಲ್ಲದವರ ಬಾಯಲ್ಲೂ ಇದೆ. ಇನ್ನೊಬ್ಬರದು ಕ್ರಿಕೆಟ್ಟನ್ನೇ ಉಸಿರಾಡುವವರಿಗೂ ಗೊತ್ತಿಲ್ಲ. ಸಾವಿರಾರು ಜನರೆದುರು ತಪ್ಪಿದವರು ಎಂದಷ್ಟೇ ಅವರು ಆ ಕತೆಯಲ್ಲಿ ಬಂದುಹೋಗುತ್ತಾರೆ. ಆದರೆ ಆಟದ ನಿಯಮಾವಳಿಯನ್ನು ತೆರೆದು ಓದಿ. ಫೀಲ್ಡ್ ಮಾಡುವ ತಂಡದ ನಾಯಕ ತನ್ನ ಅಪೀಲನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ಆದರೆ ಅದಕ್ಕೆ ಅಂಪೈರಿನ ಒಪ್ಪಿಗೆ ಬೇಕು ಎನ್ನುತ್ತದೆ ಅದು. ಒಪ್ಪಿದರೆ, ತೀರ್ಪನ್ನು ರದ್ದು ಮಾಡಿ ಆಟಗಾರನನ್ನು ವಾಪಸು ಕರೆಯಬೇಕಾದವರು ಅಂಪೈರೇ. 'ನಾನು ಕೊಟ್ಟಾಯಿತು, ಹೋಗು' ಎಂದು ಹನುಮಂತರಾವ್ ಹಟ ಹಿಡಿದು ನಿಂತಿದ್ದರೆ ವಿಶ್ವನಾಥರ ಕತೆಯೇ ಇರುತ್ತಿರಲಿಲ್ಲ. ನನ್ನ ಕೈಲಿ ಎರಡು ಸೈಟಿನಷ್ಟು ನೆಲದಲ್ಲಿ, ಏಳು ಮಕ್ಕಳೆದುರು ಆಗದೆ ಹೋದದ್ದನ್ನು ಆ ಮನುಷ್ಯ ಸುವರ್ಣ ಮಹೋತ್ಸವದ ಜನಜಾತ್ರೆಯ ಎದುರು ಮಾಡಿದರು. ಕಲ್ಲಿನ ಮೇಲಿನ ಗುರುತು ಕಂಡ ಮೇಲೂ ನಾನು ಸುಮ್ಮನಿದ್ದೆನಲ್ಲ.

ಅವರು ತಪ್ಪಿದ್ದು ಹೇಗೆ ಎಂಬುದೂ ನನ್ನನ್ನು ಬಿಡಲಿಲ್ಲ. ಆರ್.ಟಿ. ನಗರದಲ್ಲಿ ನಮ್ಮವರಿಗೆ ಪರಿಚಯದ ಹಿರಿಯರೊಬ್ಬರಿದ್ದಾರೆ, ಹಿಂದೆ ಲೀಗ್ ಪಂದ್ಯಗಳಿಗೆ ಅಂಪೈರಾಗಿ ನಿಲ್ಲುತ್ತಿದ್ದವರು. ಒಂದು ಸಂಜೆ ಹೋಗಿ ಅವರ ಮನೆಯಲ್ಲಿ ಕೂತೆವು. ನಾನು ವಿಷಯ ಹೇಳಿದ್ದೇ ತಡ, ಅವರು ಕಾಫಿ ಕುಡಿದಿಟ್ಟ ಮೂರು ಸ್ಟೀಲ್ ಲೋಟಗಳನ್ನು ಟೀಪಾಯಿಯ ಒಂದು ತುದಿಗೆ ಸಾಲಾಗಿ ನಿಲ್ಲಿಸಿದರು.

"ನೋಡಿಯಮ್ಮಾ, ಅಂಪೈರ್ ನಿಲ್ಲೋದು ಈ ತುದಿ. ಬ್ಯಾಟ್ಸ್‌ಮನ್ ಇರೋದು ಆ ತುದಿ, ಇಪ್ಪತ್ತೆರಡು ಗಜ ದೂರ. ಬ್ಯಾಟಿಗೂ ಚೆಂಡಿಗೂ ನಡುವೆ ಎಳ್ಳಿನಷ್ಟು ಸಂದು ಇದ್ದರೆ ಎದುರಿನಿಂದ ಕೆಲವು ಸಲ ಕಾಣೋದೇ ಇಲ್ಲ. ಸ್ಲಿಪ್ಪಿನಲ್ಲಿರೋನಿಗೆ ಹಿಂದಿನಿಂದ, ಓರೆಯಿಂದ ಕಾಣುತ್ತೆ. ಅದಕ್ಕೇ ನಾವು ಕಿವಿ ನಂಬ್ತೀವಿ. ಕಿವಿ ಮೋಸ ಮಾಡುತ್ತೆ. ಬ್ಯಾಟು ಪ್ಯಾಡಿಗೆ ತಾಗಿದರೂ ಶಬ್ದ, ನೆಲಕ್ಕೆ ತಾಗಿದರೂ ಶಬ್ದ."

"ಹಾಗಾದರೆ ಏನು ಮಾಡೋದು?"

"ಕಣ್ಣು ಕಂಡದ್ದು, ಕಿವಿ ಕೇಳಿದ್ದು ಎರಡೂ ಒಂದೇ ಕ್ಷಣದಲ್ಲಿ ಆಯ್ತಾ ಅಂತ ಮನಸ್ಸಿನಲ್ಲಿ ಇನ್ನೊಂದು ಸಲ ನಡೆಸಿ ನೋಡಬೇಕು. ಚೆಂಡು ಬ್ಯಾಟನ್ನ ದಾಟುವಾಗ ಶಬ್ದ ಬಂತಾ, ದಾಟಿದ ಮೇಲೆ ಬಂತಾ? ದಾಟಿದ ಮೇಲೆ ದಾರಿ ಬದಲಾಯಿಸಿತಾ? ಅಷ್ಟು ಹೊತ್ತು ಕೈ ಕೆಳಗೇ ಇರಲಿ. ಕೂಗಾಟ ನಿಂತ ಮೇಲೆ ಯೋಚನೆ ಮಾಡಿ. ಅನುಮಾನ ಇದೆಯೋ, ಬ್ಯಾಟ್ಸ್‌ಮನ್ ಪರ."

ಅವರು ಅಂದು ಹೇಳಿಕೊಟ್ಟದ್ದನ್ನೆಲ್ಲ ಬರೆದರೆ ಪಾಠಪುಸ್ತಕವಾದೀತು. ನನ್ನ ತಲೆಗೆ ಹೋದಷ್ಟು ಹೇಳುತ್ತೇನೆ. ಬೌಲರ್ ಓಡಿಬರುವಾಗ ಮೊದಲು ಅವನ ಮುಂಗಾಲು ಗೆರೆಯ ಎಲ್ಲಿ ಬಿತ್ತು ಎಂದು ನೋಡಬೇಕು, ಮರುಕ್ಷಣ ಕಣ್ಣೆತ್ತಿ ಚೆಂಡು ಹಿಡಿಯಬೇಕು. ಕಾಲಿಗೆ ಬಡಿದಾಗ, ಅಂದರೆ ಎಲ್‌ಬಿಡಬ್ಲ್ಯು ಎಂದು ಕೂಗಿದಾಗ, ಪ್ರಶ್ನೆಗಳನ್ನು ಸಾಲಾಗಿ ಕೇಳಿಕೊಳ್ಳಬೇಕು: ನೋಬಾಲ್ ಅಲ್ಲವಷ್ಟೆ? ಚೆಂಡು ಕಾಲಿನ ಕಡೆಯ ವಿಕೆಟ್ಟಿನಿಂದ ಆಚೆ ನೆಲಕ್ಕೆ ಬಿದ್ದಿಲ್ಲವಷ್ಟೆ? ಮೊದಲು ಬ್ಯಾಟಿಗೆ ತಾಗಿಲ್ಲವಷ್ಟೆ? ಬಡಿದದ್ದು ವಿಕೆಟ್ಟಿನ ನೇರಕ್ಕೋ? ಕಾಲು ಅಡ್ಡ ಬರದಿದ್ದರೆ ವಿಕೆಟ್ಟಿಗೇ ಹೋಗುತ್ತಿತ್ತೋ? ಒಂದು ಪ್ರಶ್ನೆಗೆ ಉತ್ತರ ಕೆಟ್ಟರೂ ಉಳಿದದ್ದನ್ನು ನೋಡುವ ಕೆಲಸವೇ ಇಲ್ಲ. ರನ್ ಔಟ್ ಆಗುವ ಹಾಗಿದ್ದರೆ ನಿಂತಲ್ಲೇ ನಿಲ್ಲಬಾರದು, ಚೆಂಡು ಹೋದ ಕಡೆಗೆ ಪಕ್ಕಕ್ಕೆ ಓಡಿ ಗೆರೆಯ ನೇರಕ್ಕೆ ನಿಲ್ಲಬೇಕು. ಎದುರಿನಿಂದ ನೋಡಿದರೆ ಬ್ಯಾಟು ಗೆರೆ ಮುಟ್ಟಿತೋ ಇಲ್ಲವೋ ತಿಳಿಯುವುದಿಲ್ಲ, ಮಗ್ಗುಲಿನಿಂದ ತಿಳಿಯುತ್ತದೆ. ದೋಸೆ ತಳ ಬಿಟ್ಟಿತೋ ಇಲ್ಲವೋ ಎಂದು ನಾವು ಬಗ್ಗಿ ಅಂಚಿನಿಂದ ನೋಡುವುದಿಲ್ಲವೇ, ಹಾಗೆ.

ನನ್ನನ್ನು ಬೆರಗಾಗಿಸಿದ ಇನ್ನೊಂದು ನಿಯಮವಿದೆ. ಯಾರೂ ಅಪೀಲು ಮಾಡದಿದ್ದರೆ ಅಂಪೈರ್ ಔಟ್ ಕೊಡುವಂತಿಲ್ಲ. ಕಣ್ಣಾರೆ ಕಂಡಿದ್ದರೂ ಸುಮ್ಮನಿರಬೇಕು. ಕೇಳಿದರೆ ಮಾತ್ರ ತೀರ್ಪು. ನಮ್ಮ ಮನೆಗಳಲ್ಲಿ ಈ ಕಾನೂನು ಇದ್ದಿದ್ದರೆ ಎಷ್ಟು ಅತ್ತೆಯರ, ಎಷ್ಟು ನಾದಿನಿಯರ ಬಾಯಿ ಬಿಡುವಾಗಿರುತ್ತಿತ್ತು! ನಾನೂ ಈಗ ಅತ್ತೆ. ಬರೆಯುತ್ತ ನಗು ಬಂತು.

ಆ ಹಿರಿಯರ ಮನೆಯಲ್ಲೇ ನಾನು ಫ್ರಾಂಕ್ ಚೆಸ್ಟರ್ ಹೆಸರು ಮೊದಲು ಕೇಳಿದ್ದು. ಇಂಗ್ಲೆಂಡಿನ ಈ ಹುಡುಗ ಒಳ್ಳೆಯ ಆಟಗಾರನಾಗುವ ಎಲ್ಲ ಲಕ್ಷಣ ತೋರಿಸಿದ್ದ. ಮೊದಲನೆಯ ಮಹಾಯುದ್ಧದಲ್ಲಿ ಅವನ ಬಲಗೈ ಹೋಯಿತು. ಆಡುವ ಆಸೆ ಮುಗಿಯಿತು. 1922ರಲ್ಲಿ, ಇನ್ನೂ ಮೂವತ್ತೂ ತುಂಬದ ವಯಸ್ಸಿನಲ್ಲಿ, ಅಂಪೈರಾಗಿ ನಿಂತ. ಸಾಮಾನ್ಯವಾಗಿ ಆಡಿ ದಣಿದು ವಯಸ್ಸಾದವರು ಬರುತ್ತಿದ್ದ ಕೆಲಸ ಅದು. ಚೆಸ್ಟರ್ 1955ರವರೆಗೆ ಅದನ್ನೇ ಮಾಡಿದರು, 48 ಟೆಸ್ಟ್ ಪಂದ್ಯಗಳಿಗೆ ನಿಂತರು. ಚೆಂಡು ಬರುವಾಗ ವಿಕೆಟ್ಟಿನ ಮೇಲೆ ಬಗ್ಗಿ, ಕಣ್ಣನ್ನು ಕೆಳಕ್ಕೆ ತಂದು ನೋಡುವುದು ಅವರ ರೂಢಿ. ಮೊದಲ ಪಂದ್ಯಕ್ಕೆ ಹೊರಡುವ ಮುನ್ನ ಅಮ್ಮನ ತೋಟದಿಂದ ಆರು ಸಣ್ಣ ಕಲ್ಲು ಆರಿಸಿಕೊಂಡು ಹೋಗಿದ್ದರಂತೆ, ಓವರಿನ ಎಸೆತ ಎಣಿಸಲು. ಒಂದು ಎಸೆತಕ್ಕೆ ಒಂದು ಕಲ್ಲು ಈ ಕಡೆಯಿಂದ ಆ ಕಡೆಗೆ. ಕೈ ಕಳಕೊಂಡು ಬಂದ ಮಗ ಅಂಗಳದಲ್ಲಿ ಬಗ್ಗಿ ಕಲ್ಲು ಆರಿಸುತ್ತಿದ್ದಾಗ ಆ ತಾಯಿ ಕಿಟಕಿಯಿಂದ ನೋಡಿದ್ದರೋ ಏನೋ.

ನಮ್ಮವರ ಕೈಯಲ್ಲಿ ವಿಷಯ ಸಿಕ್ಕಿದರೆ ಅವರು ಬಿಡುವವರಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ದೆಹಲಿಯ ಪಂದ್ಯ ತೆಗೆದರು. 1999ರ ಫೆಬ್ರವರಿ, ಪಾಕಿಸ್ತಾನದ ಎದುರು. ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತಕ್ಕೆ ಹತ್ತು ವಿಕೆಟ್ ತೆಗೆದದ್ದು. ಇದು ನಾನೂ ಟೀವಿಯಲ್ಲಿ ನೋಡಿದ್ದೇ. ಆದರೆ ಕುಂಬ್ಳೆ ಬೌಲ್ ಮಾಡುತ್ತಿದ್ದ ತುದಿಯಲ್ಲಿ ನಿಂತಿದ್ದ ಅಂಪೈರ್ ಎ. ವಿ. ಜಯಪ್ರಕಾಶ್ ಎಂದು, ಅವರೂ ಬೆಂಗಳೂರಿನವರು, ಹಿಂದೆ ರಣಜಿ ಆಡಿದವರು ಎಂದು ಗಮನಿಸಿರಲಿಲ್ಲ. ಆಗಿನ ಪದ್ಧತಿಯಂತೆ ಒಬ್ಬ ಅಂಪೈರ್ ಹೊರದೇಶದವರು, ಇನ್ನೊಬ್ಬರು ಆತಿಥೇಯ ದೇಶದವರು. ಇನ್ನೊಂದು ತುದಿಯಲ್ಲಿ ಜಮೈಕಾದ ಸ್ಟೀವ್ ಬಕ್ನರ್.

ಈಗ ನೋಡಿ. 420ರ ಗುರಿ ಬೆನ್ನಟ್ಟಿದ ಪಾಕಿಸ್ತಾನ ವಿಕೆಟ್ ಹೋಗದೆ 101ಕ್ಕೆ ಮುಟ್ಟಿದೆ. ಅಲ್ಲಿಂದ ಒಂದೊಂದಾಗಿ ಉರುಳುತ್ತ ಒಂಬತ್ತು ಕುಂಬ್ಳೆಯ ಪಾಲಾಗಿವೆ. ಹತ್ತನೆಯದೂ ಅವರಿಗೇ ಸಿಗಲಿ ಎಂದು ಇನ್ನೊಂದು ತುದಿಯಿಂದ ನಮ್ಮ ಜಾವಗಲ್ ಶ್ರೀನಾಥ್ ಚೆಂಡನ್ನು ವಿಕೆಟ್ಟಿನಿಂದ ದೂರ ದೂರ ಎಸೆಯುತ್ತಿದ್ದಾರೆ. ಇಡೀ ತಂಡ, ಇಡೀ ಮೈದಾನ, ಟೀವಿ ಎದುರು ಕೂತ ನಾವೆಲ್ಲ ಒಬ್ಬ ಮನುಷ್ಯನ ಪರ. ಅಲ್ಲಿ ಆ ಸ್ವಾತಂತ್ರ್ಯ ಇಲ್ಲದಿದ್ದವರು ಕುಂಬ್ಳೆಯ ಊರಿನವರೇ ಆದ ಜಯಪ್ರಕಾಶ್. ಹತ್ತರಲ್ಲಿ ಮೂರು ಎಲ್‌ಬಿಡಬ್ಲ್ಯು. ಪಾಕಿಸ್ತಾನದ ಕೆಲವರು ಒಂದೆರಡು ತೀರ್ಪಿನ ಬಗ್ಗೆ ಅಸಮಾಧಾನಪಟ್ಟರು. ಊರವನಿಗೆ ಔಟ್ ಕೊಟ್ಟರೆ ಪಕ್ಷಪಾತ ಎನ್ನುತ್ತಾರೆ. ಆ ಮಾತಿಗೆ ಹೆದರಿ ಕೊಡದಿದ್ದರೆ ಅದು ಇನ್ನೊಂದು ಪಕ್ಷಪಾತ. ಕೊನೆಯ ವಿಕೆಟ್ ವಾಸಿಂ ಅಕ್ರಮ್‌ದು, ಲಕ್ಷ್ಮಣ್ ಹಿಡಿದ ಕ್ಯಾಚು. ಅದಕ್ಕೆ ಯಾರ ಬೆರಳಿನ ಅಗತ್ಯವೂ ಇರಲಿಲ್ಲ. ಜಯಪ್ರಕಾಶ್ ಅವರಿಗೆ ಎಷ್ಟು ಹಗುರಾಗಿರಬೇಕು ಎಂದು ನನಗೆ ಅನ್ನಿಸಿತು.

ಸ್ವಂತ ಊರಿನ ಅಂಪೈರ್ ಬೇಡ ಎಂಬ ಕೂಗು ಅದಕ್ಕೂ ಹಳೆಯದು. 1986ರಲ್ಲಿ ಲಾಹೋರಿನಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ಆಡಿದಾಗ ಮೂರನೆಯ ದೇಶದವರಿರಲಿ ಎಂದು ಭಾರತದ ವಿ. ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ಅವರನ್ನು ಕರೆಸಿ ನಿಲ್ಲಿಸಿದ್ದರು. 2002ರಿಂದ ಟೆಸ್ಟ್ ಪಂದ್ಯಗಳಿಗೆ ಇಬ್ಬರೂ ಹೊರಗಿನವರೇ ಎಂದಾಯಿತು. ನನ್ನನ್ನು ನಮ್ಮ ಬೀದಿಯ ಹುಡುಗರು ಆರಿಸಿದ್ದೂ ಇದೇ ತತ್ವದ ಮೇಲೆ. ಆದರೆ ಯಾರ ಕಡೆಗೂ ಸೇರದವರ ಕಣ್ಣು ತಾನಾಗಿ ಚುರುಕಾಗುವುದಿಲ್ಲವಲ್ಲ.

ಬಕ್ನರ್ ವಿಷಯದಲ್ಲಿ ಅದೇ ಆಯಿತು. ಮೇಷ್ಟರಾಗಿದ್ದವರು, ಫುಟ್‌ಬಾಲಿಗೂ ರೆಫರಿಯಾಗಿದ್ದವರು. ಅಪೀಲು ಬಂದರೆ ತಲೆ ಸಣ್ಣಗೆ ಆಡಿಸುತ್ತ, ನಿಧಾನವಾಗಿ ಬೆರಳು ಎತ್ತುವುದಕ್ಕೆ ಹೆಸರಾದವರು. ಕಾಯುವುದನ್ನು ಅವರಿಂದ ಕಲಿಯಬೇಕು ಎನ್ನುತ್ತಿದ್ದರು. ಅಂಥವರೇ 2008ರ ಜನವರಿಯಲ್ಲಿ ಸಿಡ್ನಿಯಲ್ಲಿ ಎಡವಿದರು. ಭಾರತಕ್ಕೆ ಆಗ ಕುಂಬ್ಳೆಯೇ ನಾಯಕ. ಆಂಡ್ರೂ ಸೈಮಂಡ್ಸ್ 30 ರನ್ ಮಾಡಿದ್ದಾಗ ಚೆಂಡು ಬ್ಯಾಟಿನ ಅಂಚಿಗೆ ತಾಗಿ ಕೀಪರ್ ಕೈ ಸೇರಿತು. ಮನೆಯಲ್ಲಿ ಕೂತ ನಮಗೂ ಶಬ್ದ ಕೇಳಿಸಿತು. ಬಕ್ನರ್‌ಗೆ ಕೇಳಿಸಲಿಲ್ಲ. ಸೈಮಂಡ್ಸ್ 162 ಹೊಡೆದು ಔಟಾಗದೆ ಉಳಿದರು. ಭಾರತ ಸೋತಿತು, ಗಲಾಟೆಯಾಯಿತು, ಮುಂದಿನ ಪಂದ್ಯದಿಂದ ಬಕ್ನರ್ ಅವರನ್ನು ಕೈಬಿಟ್ಟರು. ಹನ್ನೆರಡು ವರ್ಷ ಕಳೆದ ಮೇಲೆ, 2020ರಲ್ಲಿ, ಆ ಪಂದ್ಯದಲ್ಲಿ ತಮ್ಮಿಂದ ತಪ್ಪಾಯಿತೆಂದು ಅವರೇ ಹೇಳಿಕೊಂಡರು. ನಾವು ಅವರನ್ನು ಬೈದು ಮರೆತಿದ್ದೆವು, ಅವರು ಮರೆತಿರಲಿಲ್ಲ.

ಯಂತ್ರ ಬಂದದ್ದೂ ಇದರ ನಡುವೆಯೇ. 1992ರಲ್ಲಿ ಡರ್ಬನ್ನಿನಲ್ಲಿ ಟೀವಿ ನೋಡಿ ಹೇಳುವ ಮೂರನೆಯ ಅಂಪೈರ್ ಬಂದರು. ಹಾಗೆ ರನ್ ಔಟಾದ ಮೊದಲಿಗ ನಮ್ಮ ಸಚಿನ್ ತೆಂಡೂಲ್ಕರ್. 2008ರ ಜುಲೈಯಲ್ಲಿ ಕೊಲಂಬೊದಲ್ಲಿ ಭಾರತ ಆಡಿದ ಟೆಸ್ಟಿನಲ್ಲಿ ಆಟಗಾರರೇ ತೀರ್ಪನ್ನು ಮರುಪರಿಶೀಲನೆಗೆ ಕೇಳುವ ಪದ್ಧತಿಯನ್ನು ಮೊದಲ ಬಾರಿಗೆ ನೋಡಿದರು. ಈಗ ಅಂಪೈರ್ ತಾನು ಕೊಟ್ಟ ತೀರ್ಪನ್ನು ತಾನೇ ಕೈಗಳನ್ನು ಅಡ್ಡಡ್ಡ ತಂದು ಎರಡೂ ಭುಜ ಮುಟ್ಟಿ ಸನ್ನೆ ಮಾಡಿ ವಾಪಸು ಪಡೆಯುವುದು ನಿತ್ಯದ ನೋಟ. ಯಾರೂ ಅದನ್ನು ಅವಮಾನವೆಂದು ಬಗೆಯುವುದಿಲ್ಲ. 1980ರಲ್ಲಿ ಆ ಸನ್ನೆಯೇ ಇರಲಿಲ್ಲ. ಅಂದಹಾಗೆ, ವಿಶ್ವನಾಥರು ಕೂಡ 1999ರಿಂದ ಕೆಲವು ವರ್ಷ ಅಂತರರಾಷ್ಟ್ರೀಯ ಪಂದ್ಯಗಳಿಗೆ ರೆಫರಿಯಾಗಿದ್ದರು.

ಹೆಂಗಸರು ಈ ಕೆಲಸಕ್ಕೆ ಬಂದದ್ದು ತೀರಾ ಇತ್ತೀಚೆಗೆ. ನಮ್ಮ ರಣಜಿ ಪಂದ್ಯಾವಳಿ ಶುರುವಾದದ್ದು 1934ರಲ್ಲಿ. ಮೊದಲ ಪಂದ್ಯ ಮದರಾಸಿಗೂ ನಮ್ಮ ಮೈಸೂರಿಗೂ. ಒಂದೇ ದಿನದಲ್ಲಿ ಸೋತು ಬಂದೆವು, ಆ ಮಾತು ಬಿಡಿ. ಅಲ್ಲಿಂದ 2023ರ ಜನವರಿಯವರೆಗೆ ಒಬ್ಬ ಹೆಣ್ಣುಮಗಳೂ ರಣಜಿ ಪಂದ್ಯದಲ್ಲಿ ಬಿಳಿ ಕೋಟು ತೊಟ್ಟು ನಿಂತಿರಲಿಲ್ಲ. ಆಗ ಒಂದೇ ಸುತ್ತಿನಲ್ಲಿ ಮೂವರು ನಿಂತರು: ವೃಂದಾ ರಾಠಿ, ಜನನಿ ನಾರಾಯಣನ್, ಗಾಯತ್ರಿ ವೇಣುಗೋಪಾಲನ್. ಜನನಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ವೃಂದಾ ಮೊದಲು ಸ್ಕೋರು ಬರೆಯುತ್ತಿದ್ದವರು. ನ್ಯೂಜಿಲೆಂಡಿನ ಕ್ಯಾಥಿ ಕ್ರಾಸ್ ಎಂಬ ಮಹಿಳೆ ಅಂಪೈರಾಗಿ ನಿಂತದ್ದನ್ನು ಕಂಡು ಈ ದಾರಿ ಹಿಡಿದರಂತೆ. ಅದಕ್ಕೂ ನಾಲ್ಕು ವರ್ಷ ಮೊದಲೇ, 2019ರಲ್ಲಿ, ಆಂಧ್ರದ ಜಿ. ಎಸ್. ಲಕ್ಷ್ಮಿ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಗಳ ಪಟ್ಟಿಗೆ ಸೇರಿದ ಮೊದಲ ಮಹಿಳೆಯಾಗಿದ್ದರು. ಇದಕ್ಕೆ ಪರೀಕ್ಷೆಗಳಿವೆ, ಓದಬೇಕು, ಬರೆಯಬೇಕು, ಬಾಯಲ್ಲಿ ಉತ್ತರ ಹೇಳಬೇಕು, ಬಿಸಿಲಲ್ಲಿ ದಿನವಿಡೀ ನಿಲ್ಲಬೇಕು. ಬೆಳಗಿನಿಂದ ಸಂಜೆವರೆಗೆ ನಿಂತೇ ಇರುವುದು ಹೆಂಗಸರಿಗೆ ಹೊಸದೇನಲ್ಲ ಬಿಡಿ, ಅದಕ್ಕೆ ಸಂಬಳ ಕೊಡುವುದಷ್ಟೇ ಹೊಸದು.

ಇಷ್ಟೆಲ್ಲ ತಿಳಿದುಕೊಂಡ ಮೇಲೂ ನನ್ನ ಮುಖ್ಯ ಕೆಲಸ ಹಾಗೇ ಉಳಿದಿತ್ತು. ಮೂರನೆಯ ಭಾನುವಾರ ಬೆಳಿಗ್ಗೆ ಆ ಹುಡುಗಿಯ ಮನೆಗೆ ಹೋದೆ. ಅವಳಮ್ಮ ಬಾಗಿಲಲ್ಲಿ ರಂಗೋಲಿ ಬಿಡುತ್ತಿದ್ದರು. ನಾನು ಬಂದ ಕಾರಣ ಹೇಳಿದಾಗ, "ಅಯ್ಯೋ, ಮಕ್ಕಳ ಆಟಕ್ಕೆ ಇಷ್ಟು ದೂರ ಬಂದಿರಾ?" ಎಂದು ನಕ್ಕರು. ಹುಡುಗಿ ಒಳಗಿನಿಂದ ಬಂದು ಬಾಗಿಲವಾಡ ಹಿಡಿದು ನಿಂತಳು.

"ಅವತ್ತು ನೀನು ಔಟಾಗಿರಲಿಲ್ಲ ಕಣಮ್ಮಾ. ನನ್ನ ತಪ್ಪು. ಬ್ಯಾಟು ಕಲ್ಲಿಗೆ ತಾಗಿತ್ತು."

"ಗೊತ್ತು ಆಂಟಿ."

"ಮತ್ತೆ ಯಾಕೆ ಹೇಳಲಿಲ್ಲ?"

ಅವಳು ಭುಜ ಕುಣಿಸಿದಳು. "ಹೇಳಿದ್ರೆ ಅಳ್ತಾಳೆ, ಹುಡುಗಿ ಅದಕ್ಕೇ, ಅಂತಾರೆ."

ನನಗೆ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಇವತ್ತು ಬರ್ತೀಯಾ?" ಎಂದೆ. ಯೋಚಿಸಿ, "ಫಸ್ಟ್ ಬ್ಯಾಟಿಂಗ್ ಆದ್ರೆ" ಎಂದಳು. ಅದನ್ನು ಕೊಡಿಸುವ ಅಧಿಕಾರ ಅಂಪೈರಿಗಿಲ್ಲ ಎಂದು ಹೇಳಬೇಕಾಯಿತು. ಟಾಸ್ ಹಾಕಿಸುತ್ತೇನೆ ಎಂದೆ. ಒಪ್ಪಿದಳು.

ಮೈದಾನಕ್ಕೆ ಹೋಗಿ ಮೊದಲು ಆ ಕಲ್ಲನ್ನು ಹಾರೆಯಿಂದ ಕೀಳಿಸಿದೆ. ಹುಡುಗರನ್ನು ಕರೆದು ನಿಲ್ಲಿಸಿ ಅವತ್ತಿನ ತೀರ್ಪು ತಪ್ಪೆಂದು ಎಲ್ಲರ ಎದುರಿಗೆ ಹೇಳಿದೆ. ಬೌಲ್ ಮಾಡಿದ್ದ ದೊಡ್ಡ ಹುಡುಗ ನೆಲ ನೋಡುತ್ತಿದ್ದ. ಒಬ್ಬ ಪುಟಾಣಿ ಮಾತ್ರ, "ಹಾಗಾದ್ರೆ ನನಗೂ ಹೋದ ವಾರ ತಪ್ಪು ಕೊಟ್ಟಿದ್ರಿ" ಎಂದ. ಅವನಿಗೆ ಕೊಟ್ಟದ್ದು ಸರಿಯಾಗಿಯೇ ಇತ್ತು. ಅಂಪೈರ್ ಒಂದು ಸಲ ತಪ್ಪೊಪ್ಪಿಕೊಂಡರೆ ಮುಂದೆ ಏನಾಗುತ್ತದೆ ಎಂದು ಹನುಮಂತರಾವ್ ಅವರಿಗೂ ತಿಳಿದಿದ್ದಿರಬೇಕು.

ಟಾಸಿನಲ್ಲಿ ಹುಡುಗಿಯ ತಂಡ ಸೋತಿತು. ಅವಳು ಸಂಜೆಯ ಹೊತ್ತಿಗೆ ಬ್ಯಾಟು ಹಿಡಿದಳು. ಮೂರನೆಯ ಓವರಿನಲ್ಲಿ ಮತ್ತೆ ಕೀಪರ್ ಕೈಗೆ ಚೆಂಡು, ಮತ್ತೆ ಅದೇ ಕೂಗು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂಗು ನಿಲ್ಲುವವರೆಗೆ ಕಾದೆ. ಚೆಂಡು ಬ್ಯಾಟನ್ನು ದಾಟುವಾಗಲೇ ಶಬ್ದ ಬಂದಿತ್ತು, ದಾರಿಯೂ ಓರೆಯಾಗಿತ್ತು. ಬೆರಳೆತ್ತಿದೆ. ಅವಳು ನನ್ನನ್ನು ನೋಡಿದಳು, ತಲೆಯಾಡಿಸಿದಳು, ಬ್ಯಾಟನ್ನು ಮುಂದಿನವನ ಕೈಗೆ ಕೊಟ್ಟು ಅಲ್ಲೇ ಗೋಡೆಯ ಮೇಲೆ ಹತ್ತಿ ಕೂತಳು.

ಚೆಸ್ಟರ್ ಅವರ ಕಲ್ಲಿನ ಬದಲು ನಾನು ಆರು ಹುಣಿಸೆಬೀಜ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋಗಿದ್ದೆ. ಆಟ ಮುಗಿಸಿ ಮನೆಗೆ ಬಂದು ಗಂಟು ಬಿಚ್ಚಿದರೆ ಐದೇ ಬೀಜ. ಯಾವ ಓವರಿನಲ್ಲಿ ಒಂದು ಬಿದ್ದುಹೋಯಿತೋ, ಅಲ್ಲಿಂದಾಚೆಗೆ ಎಷ್ಟು ಓವರು ಐದೇ ಎಸೆತದವಾದವೋ ದೇವರಿಗೇ ಗೊತ್ತು. ಮಕ್ಕಳು ಯಾರೂ ಏನೂ ಅನ್ನಲಿಲ್ಲ. ಮರುದಿನ ಸಂಜೆ ಆ ಹುಡುಗಿ ಗೇಟಿನ ಹತ್ತಿರ ಬಂದು, "ಆಂಟಿ, ನಿನ್ನೆ ನಮಗೆ ಎರಡು ಬಾಲ್ ಕಮ್ಮಿ ಬಂತು" ಎಂದಳು.